ಸುಣ್ಣ ಕೆರೆದ ಗೋಡೆ, ಸಿಮೆಂಟ್ ಮೆತ್ತಿದ ಸಂದು

ಇಂಗ್ಲೆಂಡಿನ ಎಷ್ಟೋ ಹಳ್ಳಿಗಳ ಹಳೆಯ ಪ್ಯಾರಿಷ್ ಚರ್ಚುಗಳಲ್ಲಿ ಒಳಗೋಡೆಯ ಒರಟು ಕಲ್ಲು ಬರಿಮೈಯಲ್ಲಿ ನಿಂತಿರುತ್ತದೆ. ಮಧ್ಯಯುಗದ ಚರ್ಚೆಂದರೆ ಹೀಗೇ ಇರಬೇಕು ಎಂದು ಜನ ನಂಬಿಬಿಟ್ಟಿದ್ದಾರೆ. ಅದಕ್ಕೆ ಮತ್ತೆ ಸುಣ್ಣದ ಗಿಲಾವು ಮಾಡಿಸೋಣ ಎಂದರೆ ‘ಹಳೆಯದನ್ನು ಮುಚ್ಚುತ್ತೀರಾ’ ಎಂಬ ಆಕ್ಷೇಪ ಏಳುತ್ತದೆ. ಹಳೆಯದು ಯಾವುದು ಎಂಬಲ್ಲೇ ಗೊಂದಲವಿದೆ.

ಕಟ್ಟಿದವರ ಲೆಕ್ಕ ಬೇರೆಯಿತ್ತು. ಮೂಲೆಗೆ, ಕಿಟಕಿ ಬಾಗಿಲುಗಳ ಅಂಚಿಗೆ ಮಾತ್ರ ಕೆತ್ತಿದ ಕಲ್ಲು. ಉಳಿದ ಗೋಡೆಗೆಲ್ಲ ಸಿಕ್ಕಿದ ಕಾಡುಗಲ್ಲು, ಸುಣ್ಣದ ಗಾರೆ. ಒಳಗೆ ಗಿಲಾವು, ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲ ಕಪ್ಪಿನ ಚಿತ್ರ. ಜನ ನಿಲ್ಲುವ ನೇವ್‌ನಿಂದ ಪಾದ್ರಿಯ ಜಾಗವಾದ ಚಾನ್ಸೆಲ್‌ಗೆ ದಾಟುವ ಕಮಾನಿನ ಮೇಲೆ ಕಡೆಯ ತೀರ್ಪಿನ ದೃಶ್ಯ. ದಕ್ಷಿಣದ ಬಾಗಿಲಲ್ಲಿ ಕಾಲಿಟ್ಟವರಿಗೆ ಎದುರಿಗೇ, ಉತ್ತರದ ಗೋಡೆಯಲ್ಲಿ, ಮಗುವನ್ನು ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್.

ಚರ್ಚಿನ ಚಿತ್ರ, ಮೂರ್ತಿಗಳನ್ನು ತೆಗೆಯಬೇಕೆಂಬ 1547ರ ರಾಜಾಜ್ಞೆಯ ನಂತರ ಚಿತ್ರಗಳಿಗೆಲ್ಲ ಸುಣ್ಣ ಬಿತ್ತು, ಅದರ ಮೇಲೆ ಬೈಬಲ್ ವಾಕ್ಯಗಳು ಬಂದವು. ಮುಂದಿನ 300 ವರ್ಷ ಪದರದ ಮೇಲೆ ಪದರ. ಅಳಿಸಲು ಬಳಿದ ಸುಣ್ಣವೇ ಚಿತ್ರಗಳನ್ನು ಕಾಪಾಡಿತು: ಸರ್ರೆಯ ಚಾಲ್ಡನ್‌ನಲ್ಲಿ ಆತ್ಮಗಳು ಸ್ವರ್ಗಕ್ಕೆ ಏರುವ ಏಣಿಯ, ಸುಮಾರು 1200ರ ಚಿತ್ರ 1869ರಲ್ಲಿ ಹೊರಬಂತು. ಯಾರ್ಕ್‌ಶೈರಿನ ಪಿಕರಿಂಗ್‌ನಲ್ಲಿ 1852ರಲ್ಲಿ ಕಂಡ ಚಿತ್ರಗಳಿಗೆ ಮತ್ತೆ ಸುಣ್ಣ ಬಳಿದು, ಕೆಲವು ದಶಕ ಕಳೆದು ತೆಗೆದರು.

ಬಹುಪಾಲು ಕಡೆ ಆ ಅದೃಷ್ಟವಿರಲಿಲ್ಲ. 19ನೇ ಶತಮಾನದ ಜೀರ್ಣೋದ್ಧಾರದಲ್ಲಿ ‘ಪ್ರಾಮಾಣಿಕ ಕಲ್ಲು’ ಕಾಣಲೆಂದು ಗಿಲಾವನ್ನೇ ಕೆತ್ತಿ ಹಾಕಿದರು. ಅದರ ಜೊತೆ ಚಿತ್ರವೂ ಮಣ್ಣುಪಾಲಾಯಿತು. ಈ ಕೆರೆಯುವಿಕೆಯ ವಿರುದ್ಧವೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ್ದು. ಅದಕ್ಕೆ ‘ಆ್ಯಂಟಿ-ಸ್ಕ್ರೇಪ್’ (ಕೆರೆತ-ವಿರೋಧಿ) ಎಂಬ ಅಡ್ಡಹೆಸರೇ ಬಿತ್ತು.

ಆದರೂ ನಿಜವಾದ ಪೆಟ್ಟು ಕೊಟ್ಟದ್ದು ಸಿಮೆಂಟ್. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ. ಗೋಡೆ ಹೀರಿದ ನೀರು ಸಂದಿನ ಮೂಲಕ ಆರಿಹೋಗುತ್ತದೆ, ಸವೆದರೆ ಗಾರೆ ಸವೆಯುತ್ತದೆ. ನಮ್ಮ ಹಳೇ ಗಾರೆ ಮನೆಗಳಿಗೂ ಇದೇ ನಿಯಮ. ಸಂದಿಗೆ ಸಿಮೆಂಟ್ ತುಂಬಿದಾಗ ಆ ದಾರಿ ಮುಚ್ಚಿತು. ನೀರು ಕಲ್ಲಿನ ಮುಖದಿಂದಲೇ ಹೊರಬರಬೇಕಾಯಿತು. ಚಳಿಗೆ ಅದು ಹೆಪ್ಪುಗಟ್ಟಿ ಕಲ್ಲು ಚಕ್ಕೆ ಎದ್ದಿತು. ಹತ್ತಿರ ನಿಂತು ನೋಡಿದರೆ ಸಿಮೆಂಟಿನ ಗೆರೆಗಳು ಜೇನುಹಟ್ಟಿಯ ಗೋಡೆಗಳಂತೆ ಮುಂದೆ ಚಾಚಿರುತ್ತವೆ, ನಡುವಿನ ಕಲ್ಲು ಒಳಕ್ಕೆ ಕರಗಿರುತ್ತದೆ. ಚಿತ್ರಗಳಿಗೂ ಇದೇ ಗತಿ. ಕಳೆದ ಶತಮಾನದ ಮೊದಲರ್ಧದಲ್ಲಿ ರಕ್ಷಣೆಗೆಂದು ಹಚ್ಚಿದ ಮೇಣ ತೇವವನ್ನು ಒಳಗೇ ಹಿಡಿದಿಟ್ಟು, ಧೂಳು ಅಂಟಿಸಿಕೊಂಡು ಕಪ್ಪಾಯಿತು. ಭಾನುವಾರಕ್ಕಷ್ಟೇ ಉರಿಸುವ ಹೀಟರ್ ಇನ್ನೊಂದು ಕಾಟ: ಗೋಡೆ ಆರಿದಾಗ ಒಳಗಿನ ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ, ತಣಿದು ತೇವ ಏರಿದಾಗ ಕರಗುತ್ತದೆ, ಮುಂದಿನ ವಾರ ಮತ್ತೆ ಅದೇ.

1955ರ ಕಾಯ್ದೆಯಿಂದ 5 ವರ್ಷಕ್ಕೊಮ್ಮೆ ಚರ್ಚುಗಳ ತಪಾಸಣೆ ಕಡ್ಡಾಯವಾಯಿತು. ಗಿಲಾವಿನಂಥ ಕೆಲಸಕ್ಕೆ ಡಯಾಸಿಸ್‌ನ, ಎಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದ, ಅನುಮತಿಯೂ ಬೇಕು. ಸರಿಯಾದದ್ದೇ, ಕೆರೆಯುವ ಮುನ್ನ ಯಾರಾದರೂ ಕೇಳಲೇಬೇಕಿತ್ತು.

ದುರಸ್ತಿ ಶುರುವಾಗಬೇಕಾದ್ದು ಚಾವಣಿಯ ಮಳೆನೀರಿನ ದೋಣಿ, ಕೊಳವೆಗಳಿಂದ. ಎಲೆ ಕಟ್ಟಿದ ಒಂದು ಕೊಳವೆ ಸಾಕು ಗೋಡೆ ನೆನೆಯಲು. ಶತಮಾನಗಳ ಸಮಾಧಿಗಳಿಂದ ಹೊರಗಿನ ನೆಲ ಒಳಗಿನದ್ದಕ್ಕಿಂತ ಏರಿರುತ್ತದೆ; ಬುಡದ ನೀರಿಗೂ ದಾರಿ ಬೇಕು. ಆಮೇಲೆ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಸಂದಿನ ಅಗಲದ ಎರಡರಷ್ಟು ಆಳಕ್ಕೆ ಬಿಡಿಸಬೇಕು. ಗ್ರೈಂಡರ್ ಹಚ್ಚಿದರೆ ಕಲ್ಲಿನ ಅಂಚು ಹೋಗುತ್ತದೆ. ಸಂದಿಗೆ ತುಂಬುವ ಗಾರೆಗೆ, ಅರಳಿಸಿ 3 ತಿಂಗಳಾದರೂ ಕೊಳೆಹಾಕಿದ ಸುಣ್ಣ 1 ಪಾಲು, ಗರುಸು ಮರಳು 3 ಪಾಲು. ಗಿಲಾವಿಗಾದರೆ ಆಡಿನ ಕೂದಲೂ ಸೇರಬೇಕು, ಪದರ 10 ಮಿ.ಮೀ. ಆಸುಪಾಸು. ಒದ್ದೆ ಗೋಣಿತಾಟು ಹೊದಿಸಿ ನಿಧಾನವಾಗಿ ಆರಲು ಬಿಡಬೇಕು. 5 ಡಿಗ್ರಿಗಿಂತ ಚಳಿಯಿದ್ದರೆ ಕೆಲಸಕ್ಕೆ ಕೈಹಾಕಬಾರದು.

ಕೊನೆಗೆ ಬಳಿಯುವ ಸುಣ್ಣ ಹಾಲಿನಷ್ಟೇ ತೆಳ್ಳಗಿರಲಿ, ಗೋಡೆಗೆ ಮೊದಲು ನೀರು ಚಿಮುಕಿಸಿ 4–5 ಕೈ. ಬಳಿದಾಗ ಏನೂ ಕಾಣದು, ಕೆಳಗಿನ ಗಿಲಾವು ಹಾಗೇ ಇಣುಕುತ್ತದೆ. ಇಷ್ಟೇನಾ ಎಂದು ದಪ್ಪಗೆ ಬಳಿದವರ ಸುಣ್ಣ ಹಪ್ಪಳದಂತೆ ಎದ್ದುಬರುತ್ತದೆ. ತೆಳ್ಳಗೆ ಬಳಿದದ್ದು ಆರುತ್ತಾ ಆರುತ್ತಾ ಬೆಳ್ಳಗಾಗುತ್ತದೆ.