ಫಾರ್ಮ್ಯಾಟ್ ಹೊಡೆಯುವ ಮುಂಚೆ ಡ್ರೈವರ್ ಕಡೆ ನೋಡಿ

ಮದುವೆ ಸೀಸನ್ ಶುರುವಾಯಿತೆಂದರೆ ಬಾಗಲಕೋಟೆ ನವನಗರದ ನಮ್ಮ ರಿಪೇರಿ ಅಂಗಡಿಯಲ್ಲಿ ಫೋಟೋ ಸ್ಟುಡಿಯೋಗಳ ಸಿಪಿಯುಗಳೇ ಜಾಸ್ತಿ. ಇಳಕಲ್ಲು, ಗುಳೇದಗುಡ್ಡ, ಜಮಖಂಡಿ, ಎಲ್ಲ ಕಡೆಯಿಂದಲೂ ಬರುತ್ತವೆ. ದೂರು ಮಾತ್ರ ಒಂದೇ ತರ. "ಆಲ್ಬಮ್ ಡಿಸೈನ್ ಮಾಡಾಕತ್ತಿದ್ದೆ ನೋಡ್ರಿ, ಸ್ಕ್ರೀನ್ ಕರ್ರಗ ಆತು, ಆಮ್ಯಾಲ ತಾನ ರಿಸ್ಟಾರ್ಟ್ ಆತು." ಜತೆಗೆ ತೀರ್ಪನ್ನೂ ಅವರೇ ಕೊಟ್ಟಿರುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಇಲ್ಲವೇ ವೈರಸ್ ಬಂದಿದೆ, ಒಮ್ಮೆ ಫಾರ್ಮ್ಯಾಟ್ ಹೊಡೆದುಬಿಡ್ರಿ.

ಫಾರ್ಮ್ಯಾಟ್ ಈಗಲೇ ಬೇಡ ಅನ್ನುತ್ತೇನೆ. ಪೊಲೀಸರು ಪಂಚನಾಮೆ ಮಾಡುವ ಮೊದಲೇ ಮನೆ ತೊಳೆದು ಸಾರಿಸಿದ ಹಾಗೆ ಅದು. ಯಾಕೆ ಕ್ರ್ಯಾಶ್ ಆಯಿತು ಅನ್ನುವುದನ್ನು ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ. ಫಾರ್ಮ್ಯಾಟ್ ಹೊಡೆದರೆ ಆ ಬರಹವೂ ಹೋಯಿತು. ಎಷ್ಟೋ ಸಲ ತಪ್ಪು ಗ್ರಾಫಿಕ್ಸ್ ಡ್ರೈವರ್‌ನದು, ಅಂದರೆ ವಿಂಡೋಸ್‌ಗೂ ಕಾರ್ಡ್‌ಗೂ ನಡುವೆ ಮಾತಾಡಿಸುವ ಸಾಫ್ಟ್‌ವೇರ್‌ನದು. ಹೊಸ ವಿಂಡೋಸ್ ಹಾಕಿದ ಮೇಲೆ ಇಂಟರ್ನೆಟ್ ಸಿಕ್ಕ ಕೂಡಲೇ ಅಪ್‌ಡೇಟ್‌ನಲ್ಲಿ ಅದೇ ಡ್ರೈವರ್ ಬಂದು ಕೂತರೆ ವಾರದೊಳಗೆ ಅದೇ ಕಥೆ.

ಡ್ರೈವರ್ ಕೆಟ್ಟರೆ ಇಡೀ ಕಂಪ್ಯೂಟರ್ ಯಾಕೆ ಬೀಳಬೇಕು? ಫೋಟೋಶಾಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದಲ್ವಾ? ವ್ಯತ್ಯಾಸ ಇಷ್ಟೇ: ಗ್ರಾಫಿಕ್ಸ್ ಡ್ರೈವರ್‌ನ ಒಂದು ಭಾಗ ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಓಡುತ್ತಿರುತ್ತದೆ. ಅಲ್ಲಿ ಎಡವಟ್ಟಾದರೆ ಡೇಟಾ ಕೆಡದಿರಲಿ ಎಂದು ವಿಂಡೋಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಆಗ ಕಾಣುವುದೇ ನೀಲಿ ಸ್ಕ್ರೀನ್ (2025ರಿಂದ ಹೊಸ ವಿಂಡೋಸ್ 11ರಲ್ಲಿ ಇದರ ಬಣ್ಣ ಕಪ್ಪು).

ಅಷ್ಟರ ಮಟ್ಟಿಗೆ ಹೋಗದಿರಲಿ ಎಂದು ವಿಂಡೋಸ್ ವಿಸ್ತಾ ಕಾಲದಿಂದ ಒಂದು ಏರ್ಪಾಡು ಇದೆ. ಹೆಸರು ಟಿಡಿಆರ್, ಅಂದರೆ ಟೈಮ್‌ಔಟ್ ಡಿಟೆಕ್ಷನ್ ಅಂಡ್ ರಿಕವರಿ. ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಕೊಟ್ಟು ವಿಂಡೋಸ್ 2 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಚಿಪ್ ಹ್ಯಾಂಗ್ ಆಗಿದೆ ಅಂದುಕೊಂಡು ಡ್ರೈವರ್ ರಿಸೆಟ್ ಮಾಡುತ್ತದೆ. ಸ್ಕ್ರೀನ್ ಒಂದು ಗಳಿಗೆ ಕಪ್ಪಾಗಿ ಮತ್ತೆ ಬರುವುದು ಇದರಿಂದಲೇ. ರಿಸೆಟ್ ಆಗಲೇ ಇಲ್ಲ, ಅಥವಾ ಒಂದೇ ನಿಮಿಷದಲ್ಲಿ 5ಕ್ಕಿಂತ ಜಾಸ್ತಿ ಸಲ ಹೀಗಾಯಿತು ಅಂದರೆ ನೀಲಿ ಸ್ಕ್ರೀನ್ ಖಾತ್ರಿ. ಆ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತ) 8 ಅಥವಾ 10 ಮಾಡಿ ಎಂದು ಹೇಳುವ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಆ ಸೆಟ್ಟಿಂಗ್ ಇರುವುದು ಡ್ರೈವರ್ ಟೆಸ್ಟ್ ಮಾಡುವವರಿಗೆ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಕೆಲವು 3ಡಿ ಸಾಫ್ಟ್‌ವೇರ್‌ಗಳಿಗೆ ಅದು ನಿಜಕ್ಕೂ ಬೇಕಾಗಬಹುದು. ಉಳಿದವರಿಗೆ ಕಾಯಿಲೆ ಮುಚ್ಚಿಡುವ ಕೆಲಸ.

ಇದೇನು ಸಣ್ಣ ಕಂಪನಿಗಳ ತಾಪತ್ರಯ ಅಂದುಕೊಳ್ಳಬೇಡಿ. ವಿಸ್ತಾ ಬಗ್ಗೆ ಅಮೆರಿಕದಲ್ಲಿ ನಡೆದ ಕೇಸಿನಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ಇಮೇಲ್‌ಗಳು ಹೊರಬಿದ್ದವು. 2007ರಲ್ಲಿ ದಾಖಲಾದ ವಿಸ್ತಾ ಕ್ರ್ಯಾಶ್‌ಗಳಲ್ಲಿ ಶೇ 28.8ರಷ್ಟು ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯ ಡ್ರೈವರ್‌ನಿಂದ ಆದವು ಎಂದು ಅದರಲ್ಲಿತ್ತು. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ 196.75 ಎಂಬ ಡ್ರೈವರನ್ನು ವಾಪಸ್ ತೆಗೆದುಕೊಂಡಿತು. ಕೆಲವು ಕಾರ್ಡ್‌ಗಳಲ್ಲಿ ಅದು ಫ್ಯಾನನ್ನೇ ಸರಿಯಾಗಿ ತಿರುಗಿಸುತ್ತಿರಲಿಲ್ಲ. ಹಾಗಾಗಿ "ಲೇಟೆಸ್ಟ್ ಡ್ರೈವರ್ ಹಾಕೇನ್ರಿ" ಅನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಹಾಕಿದ್ದು ಯಾವತ್ತು, ಕ್ರ್ಯಾಶ್ ಶುರುವಾಗಿದ್ದು ಯಾವತ್ತು? ನಾನು ಕೇಳುವುದು ಅದನ್ನೇ.

ನೆನಪಿಲ್ಲ ಅಂದರೂ ಚಿಂತೆ ಇಲ್ಲ. ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿ, ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ದಿನದಿನದ ಲೆಕ್ಕ ಕ್ಯಾಲೆಂಡರ್ ತರ ಕಾಣುತ್ತದೆ. ಯಾವ ದಿನ ಅಪ್‌ಡೇಟ್ ಬಂತು, ಯಾವ ದಿನದಿಂದ ಕೆಂಪು ಗುರುತು ಬೀಳತೊಡಗಿತು ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ವಿಂಡೋಸ್‌ನಲ್ಲಿ ಇಷ್ಟು ಉಪಯೋಗದ, ಇಷ್ಟು ಕಡಿಮೆ ಜನ ತೆರೆಯುವ ಕಿಟಕಿ ಇನ್ನೊಂದಿಲ್ಲ.

ಆಮೇಲೆ ಇವೆಂಟ್ ವ್ಯೂವರ್, ವಿಂಡೋಸ್ ಬರೆದಿಟ್ಟ ಘಟನೆಗಳ ಪಟ್ಟಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. 4101 ನಂಬರ್ ಇದ್ದರೆ ಡಿಸ್‌ಪ್ಲೇ ಡ್ರೈವರ್ ನಿಂತು ಮತ್ತೆ ಎದ್ದಿದೆ ಎಂದರ್ಥ. ಅದೇ 41 ನಂಬರ್, ಕರ್ನಲ್ ಪವರ್ ಅಂತ ಇದ್ದರೆ ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಗಿದೆ ಅಂತಷ್ಟೇ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ (ಕ್ರ್ಯಾಶ್‌ನ ಬಗೆ ಹೇಳುವ ನಂಬರ್) ಸೊನ್ನೆ ಇದ್ದರೆ ವಿಂಡೋಸ್‌ಗೆ ಏನೂ ಬರೆದಿಡಲು ಟೈಮೇ ಸಿಕ್ಕಿಲ್ಲ. ಅಂಥ ಕಡೆ ನಾನು ಡ್ರೈವರ್ ಬಿಟ್ಟು ಮೊದಲು ಎಸ್‌ಎಂಪಿಎಸ್ (ಸಿಪಿಯು ಒಳಗಿನ ಪವರ್ ಸಪ್ಲೈ ಡಬ್ಬಿ), ಯುಪಿಎಸ್ ಬ್ಯಾಟರಿ, ಕಾರ್ಡ್‌ಗೆ ಹೋಗುವ ಪವರ್ ಕೇಬಲ್ ನೋಡುತ್ತೇನೆ. ನಮ್ಮ ಕಡೆ ಕರೆಂಟ್ ಏರಿಳಿತ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಎಡಿಟಿಂಗ್ ಸಿಸ್ಟಮ್‌ಗೆ ಒಳ್ಳೆಯ ಕಾರ್ಡ್ ಹಾಕಿ, ಕ್ಯಾಬಿನೆಟ್ ಜತೆ ಬಂದ ಅಗ್ಗದ ಎಸ್‌ಎಂಪಿಎಸ್ ಹಾಗೇ ಬಿಟ್ಟವರು ಬಹಳ. ರೆಂಡರ್ ಒತ್ತಿದ ಕೂಡಲೇ ಆಫ್ ಆದರೆ ಪಾಪ, ಬೈಗುಳ ಡ್ರೈವರ್‌ಗೆ.

ನೀಲಿ ಸ್ಕ್ರೀನ್ ಬಂದಿದ್ದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಮಿನಿಡಂಪ್ ಎಂಬ ಫೋಲ್ಡರ್ ಇರುತ್ತದೆ. ಪ್ರತಿ ಕ್ರ್ಯಾಶ್‌ನ ದಾಖಲೆ, ಅಂದರೆ ಡಂಪ್, ಅಲ್ಲಿರುತ್ತದೆ. ಅದನ್ನು ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಯಾವ ಫೈಲ್ ಹತ್ತಿರ ಸಿಕ್ಕಿಬಿತ್ತು ಎಂದು ತೋರಿಸುತ್ತದೆ. ಹೆಸರು ಎನ್‌ವಿ ಎಂದು ಶುರುವಾದರೆ ಎನ್‌ವಿಡಿಯಾ, ಎಎಂಡಿ ಅಥವಾ ಎಟಿಐ ಎಂದಿದ್ದರೆ ಎಎಂಡಿ, ಐಜಿಡಿ ಎಂದಿದ್ದರೆ ಇಂಟೆಲ್ ಇರುವ ಸಾಧ್ಯತೆ ಜಾಸ್ತಿ. ಆದರೆ ಒಂದು ಡಂಪ್ ನೋಡಿ ತೀರ್ಮಾನಕ್ಕೆ ಬರಬೇಡಿ, ಮೂರು ನಾಲ್ಕು ನೋಡಿ. ಪ್ರತಿ ಸಲ ಅದೇ ಫೈಲ್, ವಿಡಿಯೋ ಟಿಡಿಆರ್ ಎಂಬ ಅದೇ ಹೆಸರು ಬಂದರೆ ಡ್ರೈವರ್ ಅಥವಾ ಕಾರ್ಡ್ ಮೇಲೆ ಅನುಮಾನ ಗಟ್ಟಿ. ಸಲಕ್ಕೊಂದು ಹೆಸರು ಬರುತ್ತಿದ್ದರೆ ರ್‍ಯಾಮ್ ಟೆಸ್ಟ್ ಮಾಡಿಸಿ. ಕೆಟ್ಟ ರ್‍ಯಾಮ್‌ಗೆ ಇಂಥವರೇ ಎಂದಿಲ್ಲ, ಕೈಗೆ ಸಿಕ್ಕವರ ಹೆಸರು ಹೇಳಿಸುತ್ತದೆ.

ಡ್ರೈವರೋ ಕಾರ್ಡೋ ಎಂದು ಬೇರೆ ಮಾಡಲು ಕಣ್ಣಳತೆಯ ಪರೀಕ್ಷೆ ಒಂದಿದೆ. ಆನ್ ಮಾಡಿದ ಕೂಡಲೇ ಬರುವ ಕಂಪನಿ ಲೋಗೋ, ಬಯೋಸ್ ಸ್ಕ್ರೀನ್ ನೋಡಿ. ಅಲ್ಲೇ ಬಣ್ಣದ ಚುಕ್ಕೆ, ಗೆರೆ ಕಂಡರೆ ವಿಂಡೋಸ್ ಡ್ರೈವರ್ ತಪ್ಪಿಲ್ಲ, ಅದು ಇನ್ನೂ ಲೋಡೇ ಆಗಿಲ್ಲ. ಕೇಬಲ್, ಮಾನಿಟರ್, ಕಾರ್ಡ್ ನೋಡಬೇಕು. ಬಯೋಸ್ ಚೊಕ್ಕ ಇದ್ದು, ತೀರಾ ಬೇಕಾದಷ್ಟನ್ನೇ ಲೋಡ್ ಮಾಡುವ ಸೇಫ್ ಮೋಡ್‌ನಲ್ಲೂ ಗಂಟೆಗಟ್ಟಲೆ ಚೆನ್ನಾಗಿ ನಡೆದು, ಮಾಮೂಲಿ ವಿಂಡೋಸ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ಡ್ರೈವರ್ ಕಡೆ ಹೋಗಿ. ಸೇಫ್ ಮೋಡ್‌ನಲ್ಲಿ ಓಡುವುದು ಮೈಕ್ರೋಸಾಫ್ಟ್‌ನ ಬೇಸಿಕ್ ಡ್ರೈವರ್. ಅಲ್ಲಿ ಕಾರ್ಡ್ ಮೇಲೆ ಭಾರವೂ ಇರುವುದಿಲ್ಲ ಅನ್ನುವುದು ನೆನಪಿರಲಿ. ಅರೆಜೀವದ ಕಾರ್ಡ್ ಕೂಡ ಅಲ್ಲಿ ಸುಮ್ನೆ ನಡೆದುಬಿಡಬಹುದು.

ಬಿಸಿಲಿನ ವಿಷಯವೂ ಇದೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಶೀಟಿನ ಮಾಡಿನ ಕೋಣೆಯಲ್ಲಿ, ಧೂಳು ಕಟ್ಟಿದ ಫ್ಯಾನ್ ಇಟ್ಟುಕೊಂಡು 4ಕೆ ವಿಡಿಯೋ ರೆಂಡರ್ ಮಾಡಿದರೆ ಯಾವ ಡ್ರೈವರ್ ಏನು ಮಾಡೀತು? ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಹಾಕಿ ಕೆಲಸದ ಹೊತ್ತಿನ ಬಿಸಿ ನೋಡಿ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಾತ್ರ ಬೀಳುವ ಸಿಸ್ಟಮ್‌ಗೆ ಬ್ಲೋವರ್ ಹೊಡೆದು, ಚಿಪ್ ಮೇಲಿನ ಪೇಸ್ಟ್ ಬದಲಿಸಿದರೆ ಎಷ್ಟೋ ಸಲ ಮುಗಿಯಿತು.

ಡ್ರೈವರೇ ಎಂದು ಖಾತ್ರಿಯಾಯಿತು ಅನ್ನಿ. ಮೊದಲು ಹಿಂದಕ್ಕೆ ಹೋಗಿ. ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಪ್ರಾಪರ್ಟೀಸ್, ಡ್ರೈವರ್, ರೋಲ್ ಬ್ಯಾಕ್. ಆ ಬಟನ್ ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ. ಆಗ ಡಿಡಿಯು ಬೇಕು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಮಾಮೂಲಿ ಅನ್‌ಇನ್‌ಸ್ಟಾಲ್ ಬಿಟ್ಟುಹೋಗುವ ಚೂರುಪಾರನ್ನೂ ಇದು ಗುಡಿಸುತ್ತದೆ. ಹಾಕಬೇಕಾದ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಂಟರ್ನೆಟ್ ಕಿತ್ತುಹಾಕಿ, ಇಲ್ಲವಾದರೆ ನೀವು ಗುಡಿಸಿ ಮುಗಿಸುವಷ್ಟರಲ್ಲಿ ವಿಂಡೋಸ್ ತನಗೆ ತೋಚಿದ್ದನ್ನು ತಂದು ಹಾಕಿರುತ್ತದೆ. ಶಿಫ್ಟ್ ಹಿಡಿದು ರಿಸ್ಟಾರ್ಟ್ ಕೊಟ್ಟು ಸೇಫ್ ಮೋಡ್‌ಗೆ ಹೋಗಿ, ಅಲ್ಲಿ ಡಿಡಿಯು ಓಡಿಸಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿಯಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಸೇಫ್ ಮೋಡ್‌ಗೆ ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ. ವಿದ್ಯಾಗಿರಿಯ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ರಾತ್ರಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಅಕೌಂಟ್ ಮಾಡಿಕೊಟ್ಟ ಅಣ್ಣನ ಫೋನ್ ಹತ್ತುವುದಿಲ್ಲ.

ಯಾವ ಡ್ರೈವರ್ ಹಾಕಬೇಕು? ಲ್ಯಾಪ್‌ಟಾಪ್ ಆದರೆ ಮಾಡೆಲ್ ನಂಬರ್ ಹಿಡಿದು ಅದೇ ಕಂಪನಿಯ ಸೈಟಿನಿಂದ. ಎಡಿಟಿಂಗ್ ಮಾಡುವವರು ಎನ್‌ವಿಡಿಯಾ ಕಾರ್ಡ್‌ಗೆ ಸ್ಟುಡಿಯೋ ಡ್ರೈವರ್ ಆರಿಸಲಿ. 2019ರಿಂದ ಇದು ಬೇರೆಯಾಗಿ ಬರುತ್ತಿದೆ. ಹೊಸ ಗೇಮ್ ಬಂದಾಗಲೆಲ್ಲ ಬದಲಾಗುವ ಗೇಮ್ ರೆಡಿ ಡ್ರೈವರ್ ಆಲ್ಬಮ್ ಮಾಡುವವರಿಗೆ ಬೇಕಿಲ್ಲ. ಹಾಕಿದ ಮೇಲೆ ಶಟ್‌ಡೌನ್ ಅಲ್ಲ, ರಿಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ಹಳೆಯ ಕಾರ್ಡ್‌ಗಳ ಫಜೀತಿ ಬೇರೆ. ಎನ್‌ವಿಡಿಯಾದ ಜಿಟಿ 730 ಕಾರ್ಡ್ ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಇನ್ನೂ ಓಡುತ್ತಿದೆ. ಒಂದೇ ಹೆಸರಲ್ಲಿ ಎರಡು ಬಗೆಯ ಚಿಪ್ ಬಂದಿವೆ, ಫರ್ಮಿ ಮತ್ತು ಕೆಪ್ಲರ್. ಫರ್ಮಿಗೆ ಡ್ರೈವರ್ 391ರ ಸಾಲಿಗೇ ನಿಂತಿದೆ, ಕೆಪ್ಲರ್‌ಗೆ 470ರ ಸಾಲಿಗೆ. ಡಬ್ಬದ ಮೇಲೆ ಎರಡಕ್ಕೂ ಬರೀ ಜಿಟಿ 730. ಜಿಪಿಯು-ಝಡ್‌ನಲ್ಲಿ ಚಿಪ್ ಹೆಸರು ನೋಡಿ, ಜಿಎಫ್ ಎಂದು ಶುರುವಾದರೆ ಫರ್ಮಿ, ಜಿಕೆ ಎಂದರೆ ಕೆಪ್ಲರ್. ಇದು ಗೊತ್ತಿಲ್ಲದೆ ಸಿಕ್ಕ ಸಿಕ್ಕ ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಹಾಕಿದವರ ಸಿಸ್ಟಮ್‌ನಲ್ಲಿ ಕೊನೆಗೆ ಜಾಹೀರಾತು ಉಳಿಯುತ್ತದೆ, ಡ್ರೈವರ್ ಉಳಿಯುವುದಿಲ್ಲ.

ಸರಿಯಾಗಿ ಓಡುವ ಡ್ರೈವರ್ ಸಿಕ್ಕಿತೆಂದರೆ ಅದರ ಸೆಟಪ್ ಫೈಲನ್ನು ಡಿ ಡ್ರೈವ್‌ನಲ್ಲೂ ಒಂದು ಪೆನ್‌ಡ್ರೈವ್‌ನಲ್ಲೂ ತಾರೀಕು ಬರೆದು ಇಡಿ. ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್‌ನಲ್ಲಿ ನೋ ಕೊಡಿ, ವಿಂಡೋಸ್ ತಾನಾಗಿ ಡ್ರೈವರ್ ತರುವುದು ಕಡಿಮೆಯಾಗುತ್ತದೆ. ಸ್ಟುಡಿಯೋದವರಿಗೆ ಇನ್ನೊಂದು ಮಾತು: ಬಸವ ಜಯಂತಿ ಹತ್ತಿರದ ಮದುವೆಗಳ ಆಲ್ಬಮ್ ಎಲ್ಲ ಡೆಲಿವರಿ ಆಗುವ ತನಕ ಡ್ರೈವರ್ ಅಪ್‌ಡೇಟ್ ಮುಟ್ಟಲೇಬೇಡಿ. ಮಳೆಗಾಲದಲ್ಲಿ, ಕೆಲಸ ಕಡಿಮೆ ಇದ್ದಾಗ ನೋಡಿಕೊಳ್ಳೋಣ.