ಒಣ ಮರಳು ಹೇಳಿದ್ದು

ನಮ್ಮ ಗಂಡು ಬೆಕ್ಕು ಒಂದು ಬೆಳಿಗ್ಗೆ ನಾಲ್ಕೈದು ಸಲ ಲಿಟರ್ ಟ್ರೇಗೆ ಹೋಗಿ ಬಂತು. ಹೋಗಿ ಕೂರುವುದು, ತಿಣುಕುವುದು, ಎದ್ದು ಬಂದು ಹಿಂಭಾಗ ನೆಕ್ಕಿಕೊಳ್ಳುವುದು. ಮಲಬದ್ಧತೆ ಇರಬೇಕು, ಸಂಜೆಯವರೆಗೆ ನೋಡೋಣ ಅಂದುಕೊಂಡೆ. ಮಧ್ಯಾಹ್ನ ಟ್ರೇ ಸ್ವಚ್ಛ ಮಾಡಲು ಕೂತಾಗ ಮರಳೆಲ್ಲ ಒಣಒಣ, ಒಂದೇ ಒಂದು ಹಸಿ ಉಂಡೆಯೂ ಇಲ್ಲ. ಕಟ್ಟಿಕೊಂಡದ್ದು ಮೂತ್ರ ಎಂದು ಆಗ ಹೊಳೆಯಿತು. ಅರ್ಧ ಗಂಟೆಯಲ್ಲಿ ಪಶುವೈದ್ಯರ ಬಳಿ ಇದ್ದೆವು.

ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಬರುವಷ್ಟರಲ್ಲಿ ತೀರಾ ಕಿರಿದಾಗುತ್ತದೆ. ಒಂದಿಷ್ಟು ಲೋಳೆ, ಒಂದಿಷ್ಟು ಹರಳಿನ ಪುಡಿ ಸಾಕು, ದಾರಿ ಮುಚ್ಚಿಹೋಗುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತಾ ಹೋಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಂದೆರಡು ದಿನ ಸುಮ್ಮನಿದ್ದರೆ ಬೆಕ್ಕು ಉಳಿಯುವುದು ಕಷ್ಟ. ನಮ್ಮದು ಉಳಿಯಿತು. ಆದರೆ ಅದು ಒಮ್ಮೆಯೂ ಅರಚಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಬೆಕ್ಕು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ನೋವನ್ನು ತೋರಿಸಿಕೊಂಡರೆ ಅಪಾಯ. ನಾಯಿ ಸ್ವಲ್ಪ ಬಾಯಿಬಿಡುತ್ತದೆ, ಅದೂ ಎಲ್ಲವನ್ನೂ ಅಲ್ಲ. ಹೀಗಾಗಿ ಮನೆಯ ಆರೈಕೆಯಲ್ಲಿ ಮುಕ್ಕಾಲು ಪಾಲು ಔಷಧಿಯ ಕೆಲಸವೇ ಇಲ್ಲ. ಇರುವುದು ನೋಡುವುದು, ಮುಟ್ಟುವುದು, ಎಣಿಸುವುದು.

ಎಣಿಸಲು ಸುಲಭವಾದದ್ದು ಉಸಿರು. ಪ್ರಾಣಿ ಗಾಢವಾಗಿ ನಿದ್ದೆ ಮಾಡುತ್ತಿರುವಾಗ ಪಕ್ಕೆಯನ್ನೇ ನೋಡುತ್ತಾ ಕೂರಿ. ಎದೆ ಒಮ್ಮೆ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಆರೋಗ್ಯವಾಗಿರುವ ನಾಯಿ, ಬೆಕ್ಕು ಎರಡರಲ್ಲೂ ಇದು ಸಾಮಾನ್ಯವಾಗಿ 30ರ ಒಳಗೇ ಇರುತ್ತದೆ. ಕನಸು ಕಾಣುತ್ತಾ ಕಾಲು ಒದರುತ್ತಿದ್ದರೆ, ಬೆಕ್ಕು ಗುರುಗುಡುತ್ತಿದ್ದರೆ ಲೆಕ್ಕ ಬಿಡಿ, ಆಮೇಲೆ ನೋಡಿ. ದಿನವೂ 20ರ ಆಸುಪಾಸಿನಲ್ಲಿದ್ದದ್ದು 35, 40ಕ್ಕೆ ಏರಿ ಅಲ್ಲೇ ನಿಂತರೆ ತಡಮಾಡಬೇಡಿ. ಹೃದಯ ಸೋತು ಶ್ವಾಸಕೋಶಕ್ಕೆ ನೀರು ಇಳಿಯುತ್ತಿರುವಾಗ ಕೆಮ್ಮಿಗಿಂತ ಮೊದಲೇ ಈ ಸಂಖ್ಯೆ ಏರಿರುತ್ತದೆ. ಇನ್ನು ಬಾಯಿ ತೆರೆದು ಏದುಸಿರು ಬಿಡುವುದು ನಾಯಿಗೆ ಮೈ ತಂಪು ಮಾಡಿಕೊಳ್ಳುವ ದಾರಿ. ಬೆಕ್ಕು ಹಾಗೆ ಮಾಡಿದರೆ ಬಹುಪಾಲು ಅದು ತುರ್ತು ಪರಿಸ್ಥಿತಿಯೇ.

ತುಟಿ ಎತ್ತಿ ಒಸಡು ನೋಡುವುದನ್ನೂ ಮರಿಯಿಂದಲೇ ರೂಢಿ ಮಾಡಿಸಬಹುದು. ತಿಳಿಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಹುಟ್ಟಿನಿಂದಲೇ ಒಸಡು ಕಪ್ಪಗಿದ್ದರೆ ಕೆಳಗಿನ ರೆಪ್ಪೆಯ ಒಳಮೈ ನೋಡಿದರಾಯಿತು. ಮೂಗು ಮುಟ್ಟಿ ಜ್ವರ ಹೇಳುವ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ; ಮಲಗಿ ಎದ್ದ ನಾಯಿಯ ಮೂಗು ಒಣಗಿ ಬೆಚ್ಚಗಿರುವುದು ಸಹಜ. ಅವುಗಳ ಮೈ ಸದಾ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವುದರಿಂದ ನಮ್ಮ ಕೈಗೆ ಯಾವಾಗಲೂ ಬಿಸಿಯೇ.

ತೂಕಕ್ಕೆ ತಕ್ಕಡಿ ಇಲ್ಲದಿದ್ದರೂ ನಡೆಯುತ್ತದೆ. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆಲುಬು ಹಾಗೆ ಚುಚ್ಚುವಂತಿದ್ದರೆ ಪ್ರಾಣಿ ಬಡಕಲು. ಅಂಗೈಯನ್ನು ಸವರಿದ ಹಾಗೆ ಮೆತ್ತಗಿದ್ದು ಎಲುಬೇ ಸಿಗದಿದ್ದರೆ ಬೊಜ್ಜು. ಕೈ ಚಾಚಿ, ಹಿಂಗೈ ಮುಟ್ಟಿದಾಗ ಎಲುಬು ಸಿಗುತ್ತದಲ್ಲ, ಹಾಗಿದ್ದರೆ ಸರಿ.

ಇಷ್ಟೆಲ್ಲ ನೋಡಿಕೊಳ್ಳುವವರೇ ಎಡವುವ ಜಾಗ ಒಂದಿದೆ: ಮನೆಯ ಔಷಧಿ ಡಬ್ಬಿ. ಮೈ ಬಿಸಿಯಾಗಿದೆ ಎಂದು ಪ್ಯಾರಸಿಟಮಾಲ್ ಮಾತ್ರೆಯ ಚೂರೊಂದನ್ನು ಬೆಕ್ಕಿಗೆ ಕೊಡುವವರಿದ್ದಾರೆ. ನಮ್ಮ ಯಕೃತ್ತು ಆ ಔಷಧಿಗೆ ಗ್ಲುಕುರೋನಿಕ್ ಆಮ್ಲವನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಕಳಿಸಿಬಿಡುತ್ತದೆ. ಹಾಗೆ ಅಂಟಿಸುವ ಕಿಣ್ವದ ಜೀನ್ ಬೆಕ್ಕಿನ ವಂಶದಲ್ಲಿ ಕೆಟ್ಟು ಕೂತಿದೆ. ಮಾಂಸವನ್ನೇ ತಿಂದು ಬದುಕಿದ ಕುಲಕ್ಕೆ ಸಸ್ಯಗಳ ವಿಷ ಅರಗಿಸುವ ಈ ಸಲಕರಣೆ ಬೇಕಾಗಲಿಲ್ಲ, ಕೆಟ್ಟಾಗ ನಷ್ಟವೂ ಆಗಲಿಲ್ಲ ಎಂಬುದು ಜೀವವಿಜ್ಞಾನಿಗಳ ಊಹೆ. ಹೊರಹೋಗದ ಔಷಧಿ ಬೆಕ್ಕಿನ ದೇಹದಲ್ಲಿ ಮತ್ತೊಂದು ವಿಷವಾಗಿ ಮಾರ್ಪಟ್ಟು ಕೆಂಪು ರಕ್ತಕಣಗಳ ಮೇಲೆ ಬೀಳುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ, ಪಂಜ ಊದುತ್ತವೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನಾಯಿಯ ಮೈಗೆ ಹಚ್ಚುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷವೇ. ನಡುಕ, ಸೆಳವು ಶುರುವಾಗುತ್ತದೆ. ಒಂದೇ ಮನೆಯಲ್ಲಿ ಎರಡೂ ಇದ್ದರೆ ನಾಯಿಗೆ ಹಚ್ಚಿದ್ದು ಒಣಗುವವರೆಗೆ ಬೆಕ್ಕನ್ನು ದೂರ ಇಡುವುದು ಲೇಸು.

ನಾಯಿಯ ಕಥೆ ಬೇರೆ, ಅಡುಗೆಮನೆಯದು. ಚಾಕೊಲೇಟಿನ ಥಿಯೋಬ್ರೋಮಿನ್ ಅದರ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು, ಅಷ್ಟು ಹೊತ್ತೂ ಹೃದಯ ಓಡುತ್ತಲೇ ಇರುತ್ತದೆ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್ ನಮಗೆ ನಿರುಪದ್ರವಿ. ನಾಯಿಯ ಮೇದೋಜೀರಕ ಗ್ರಂಥಿ ಮಾತ್ರ ಅದನ್ನು ಸಕ್ಕರೆಯೆಂದೇ ನಂಬಿ ಇನ್ಸುಲಿನ್ ಸುರಿಯುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಪ್ರಾಣಿಗಳಿಗೆ ಬೇಡ, ಬೇಯಿಸಿದರೂ ಬೇಡ.

ನಾಯಿಯ ಆಹಾರವನ್ನೇ ಬೆಕ್ಕಿಗೂ ಹಾಕಿದರಾಯಿತು ಎನ್ನುವುದೂ ನಡೆಯುವುದಿಲ್ಲ. ಟಾರಿನ್ ಎಂಬ ಅಮೈನೊ ಆಮ್ಲವನ್ನು ನಾಯಿ ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಸಾಕಾಗುವಷ್ಟು ಆಗದು. ಅದರ ಕೊರತೆಯಿಂದ ಬೆಕ್ಕಿನ ಹೃದಯ ಬಲೂನಿನಂತೆ ಹಿಗ್ಗಿ ಸೋಲುತ್ತದೆ ಎಂದು ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆಮೇಲೆ ತಯಾರಕರು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದರು, ಕಾಯಿಲೆ ಅಪರೂಪವಾಯಿತು. ನೀರಿನ ವಿಷಯದಲ್ಲೂ ಬೆಕ್ಕು ಒಣನಾಡಿನ ಕಾಡುಬೆಕ್ಕಿನ ಮೊಮ್ಮಗುವೇ. ಬೇಟೆಯ ಮಾಂಸದ ನೀರಿನಲ್ಲೇ ಸುಧಾರಿಸಿಕೊಂಡ ಕುಲ, ಬಾಯಾರಿಕೆ ಕಡಿಮೆ. ಒಣ ಕಾಳಿನ ಆಹಾರವಷ್ಟೇ ತಿನ್ನುವ ಬೆಕ್ಕು ಆ ಕೊರತೆಯನ್ನು ಪೂರ್ತಿ ಕುಡಿದು ತುಂಬಿಕೊಳ್ಳುವುದಿಲ್ಲ. ನಮ್ಮ ಬೆಕ್ಕಿನ ಊಟವನ್ನು ವೈದ್ಯರು ನೀರಿನಂಶ ಹೆಚ್ಚಿರುವ ಒದ್ದೆ ಆಹಾರಕ್ಕೆ ಬದಲಾಯಿಸಿದ್ದು ಇದಕ್ಕೇ. ಹಾಂ, ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಹಟ ಎಂದು ಬಿಡಬೇಡಿ, ಅದರಲ್ಲೂ ದಪ್ಪ ಬೆಕ್ಕನ್ನು. ಕರಗಿದ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ತುಂಬಿಕೊಳ್ಳುತ್ತದೆ.

ಚಿಗಟದ ಬಗ್ಗೆ ಒಂದೇ ಮಾತು: ಮೈಮೇಲೆ ಕಾಣುವುದು ಸಣ್ಣ ಪಾಲು. ಮೊಟ್ಟೆ, ಮರಿಹುಳು, ಗೂಡು ಎಲ್ಲ ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ ಇರುತ್ತವೆ. ಹಾಸಿಗೆ ಒಗೆಯದೆ ಬರೀ ನಾಯಿಗೆ ಸ್ನಾನ ಮಾಡಿಸಿ ಫಲವಿಲ್ಲ.

ಮರಿಗೆ ಲಸಿಕೆ ಏಕೆ ಮತ್ತೆ ಮತ್ತೆ ಎಂದು ಗೊಣಗುವವರಿಗೆ ಉತ್ತರ ತಾಯಿಯ ಹಾಲಿನಲ್ಲಿದೆ. ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕಾಯುತ್ತವೆ, ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅವು ಯಾವ ವಾರ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದ ಆರೆಂಟು ವಾರದಿಂದ ಶುರುಮಾಡಿ 16 ವಾರ ತುಂಬುವವರೆಗೆ ಬಿಟ್ಟು ಬಿಟ್ಟು ಕೊಡುತ್ತಾರೆ. ಕೊನೆಯದನ್ನು ತಪ್ಪಿಸಿದರೆ ಹಿಂದಿನವೆಲ್ಲ ವ್ಯರ್ಥವಾಗುವ ಸಾಧ್ಯತೆ ಇದೆ.

ವೈದ್ಯರ ಬಳಿ ಹೋಗುವಾಗ ಫೋನಿನಲ್ಲಿ ಒಂದು ವಿಡಿಯೊ ಇಟ್ಟುಕೊಳ್ಳಿ. ಮನೆಯಲ್ಲಿ ಮೂರು ದಿನದಿಂದ ಕುಂಟುತ್ತಿದ್ದ ನಾಯಿ ಆ ವಾಸನೆ, ಆ ಗಾಬರಿಗೆ ಕುಂಟುವುದನ್ನೇ ಮರೆತು ನೆಟ್ಟಗೆ ನಡೆಯುತ್ತದೆ. ಬೆಕ್ಕಂತೂ ಬುಟ್ಟಿಯ ಮೂಲೆಯಲ್ಲಿ ಮುದುಡಿ ಕೂತರೆ ಮುಗಿಯಿತು. ಲಿಟರ್ ಟ್ರೇಯಲ್ಲಿ ತಿಣುಕಿದ ಹದಿನೈದು ಸೆಕೆಂಡಿನ ವಿಡಿಯೊ ತೋರಿಸಿದಾಗ ನಮ್ಮ ವೈದ್ಯರು ಮುಂದೆ ಏನೂ ಕೇಳಲಿಲ್ಲ, ನೇರ ಹೊಟ್ಟೆಗೆ ಕೈ ಹಾಕಿದರು. ಮೂತ್ರಕೋಶ ನಿಂಬೆಕಾಯಿಯಷ್ಟು ಗಟ್ಟಿಯಾಗಿತ್ತು.