ಬೋರ್‌ವೆಲ್ ನೀರು, ಹೊಸ ಮೀನುತೊಟ್ಟಿ

ದಾವಣಗೆರೆಯಲ್ಲಿ ಹೊಸದಾಗಿ ಅಕ್ವೇರಿಯಂ ಇಟ್ಟವರು ನನ್ನನ್ನು ಕರೆಸುವುದು ಹೆಚ್ಚಾಗಿ ಎರಡನೆಯ ವಾರದಲ್ಲಿ. ವಿದ್ಯಾನಗರದ ಮನೆಯೊಂದರಲ್ಲಿ ಎರಡಡಿ ತೊಟ್ಟಿಗೆ, ಅಂದರೆ ಸುಮಾರು 54 ಲೀಟರ್ ನೀರಿಗೆ, ಮೊದಲ ದಿನವೇ ಎಂಟು ಗೋಲ್ಡ್‌ಫಿಶ್ ಬಿಟ್ಟಿದ್ದರು. ನೀರು ತಿಳಿಯಾಗಿತ್ತು, ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಪರೀಕ್ಷಿಸಿದಾಗ, ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ಅಮೋನಿಯಾ 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ, ಇತ್ತು. 'ಒಂದೇ ತಾನೇ ಸರ್' ಎಂದರು ಮನೆಯವರು.

ಆ ಒಂದು ಎಷ್ಟು ಅಪಾಯಕಾರಿ ಎಂಬುದನ್ನು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಮಟ್ಟ, ನೋಡದೆ ಹೇಳಲಾಗದು. ನೀರಿನಲ್ಲಿರುವ ಅಮೋನಿಯಾದ ಹೆಚ್ಚಿನ ಪಾಲು ಅಷ್ಟಾಗಿ ಹಾನಿ ಮಾಡದ ಅಮೋನಿಯಂ ರೂಪದಲ್ಲಿದ್ದು, ಉಳಿದ ಸಣ್ಣ ಪಾಲು ಮಾತ್ರ ಕಿವಿರುಗಳನ್ನು ಸುಡುತ್ತದೆ. ನೀರಿನ ಉಷ್ಣತೆ 28 ಡಿಗ್ರಿ, ಪಿಎಚ್ 7 ಇದ್ದರೆ ಆ ಪಾಲು ಶೇ 0.7ರಷ್ಟು, ಪಿಎಚ್ 8.2ಕ್ಕೆ ಏರಿದರೆ ಸುಮಾರು ಶೇ 10. ಆ ಮನೆಯವರು ಬೋರ್‌ವೆಲ್ ನೀರನ್ನು ನಲ್ಲಿಯಿಂದ ಹಿಡಿದ ಕೂಡಲೇ ಅಳೆದು 7.3 ಎಂದು ಬರೆದಿಟ್ಟಿದ್ದರು. ನೆಲದಾಳದ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಏರ್‌ಪಂಪ್ ಓಡಿದಂತೆ ಹೊರಬಿದ್ದು ಪಿಎಚ್ ಮೇಲೇರುತ್ತದೆ. ಅವರ ತೊಟ್ಟಿಯಲ್ಲಿ ಅದು 8.2 ಆಗಿತ್ತು. ಆದ್ದರಿಂದ ಒಂದು ಬಕೆಟ್ ನೀರಿಗೆ ಇಡೀ ದಿನ ಗಾಳಿ ಕೊಟ್ಟ ಮೇಲೆ ಅಳೆದ ಪಿಎಚ್ ಅನ್ನೇ ನಂಬಬೇಕು.

ಹಾಗೆಂದು ಬೋರ್‌ವೆಲ್ ನೀರನ್ನು ದೂರುವುದು ಸರಿಯಲ್ಲ. ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಆ ಕೆಲಸದಲ್ಲಿ ನೀರಿನ ಕ್ಷಾರೀಯತೆಯನ್ನು, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಗುಣವನ್ನು, ಖರ್ಚು ಮಾಡುತ್ತಾ ಹೋಗುತ್ತವೆ: 1 ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಸುಮಾರು 7 ಮಿಲಿಗ್ರಾಂ. ಗಡಸು ನೀರಿನಲ್ಲಿ ಈ ದಾಸ್ತಾನು ಧಾರಾಳವಾಗಿರುತ್ತದೆ. 'ಶುದ್ಧ ನೀರು' ಎಂದು ಆರ್‌ಓ ನೀರನ್ನಷ್ಟೇ ತುಂಬಿದ ತೊಟ್ಟಿಗಳಲ್ಲಿ ಪಿಎಚ್ ಕುಸಿದು ಸೈಕಲ್, ಅಂದರೆ ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರುವ ಪ್ರಕ್ರಿಯೆ, ಅರ್ಧಕ್ಕೇ ನಿಂತಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ನಮ್ಮೂರಿನ ನಿಜವಾದ ತೊಡಕು ಸಂಪಿನಲ್ಲಿದೆ. ತುಂಗಭದ್ರೆಯ ನೀರು ಬಿಟ್ಟ ದಿನ ಅದೂ, ಬಿಡದ ದಿನ ಬೋರ್‌ವೆಲ್ ನೀರೂ ಒಂದೇ ಸಂಪಿಗೆ ಬೀಳುವ ಮನೆಗಳಲ್ಲಿ ಗಡಸುತನ ವಾರದಿಂದ ವಾರಕ್ಕೆ ಬದಲಾಗುತ್ತದೆ. ನಗರದ ನೀರಿನಲ್ಲಿ ಕ್ಲೋರಿನ್ ಬೇರೆ, ಅದು ಮೀನಿನ ಕಿವಿರಿಗೂ ಫಿಲ್ಟರ್‌ನ ಬ್ಯಾಕ್ಟೀರಿಯಾಕ್ಕೂ ಕೆಡುಕು. ಸೈಕಲ್ ಮುಗಿಯುವವರೆಗಾದರೂ ಒಂದೇ ಮೂಲದ ನೀರನ್ನು ಪ್ರತ್ಯೇಕ ಡ್ರಮ್ಮಿನಲ್ಲಿ ಹಿಡಿದಿಟ್ಟು, ನಗರದ ನೀರಾದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಬಳಸುವುದು ಒಳ್ಳೆಯದು.

ಮೀನಿಲ್ಲದೆ ಸೈಕಲ್ ಮಾಡುವುದನ್ನೇ ನಾನು ಸೂಚಿಸುತ್ತೇನೆ. ಅಮೋನಿಯಾ 2 ಪಿಪಿಎಂ ಆಗುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ, ಅದು ಇಳಿದಂತೆಲ್ಲ ಮತ್ತೆ ಅಷ್ಟೇ ತುಂಬಿಸುತ್ತಿರಬೇಕು. ನಡುವೆ ನೈಟ್ರೈಟ್ ಏರಿ ವಾರಗಟ್ಟಲೆ ಇಳಿಯದೆ ನಿಲ್ಲುತ್ತದೆ, ಬೇಸತ್ತು ಮೀನು ಬಿಡುವವರು ಬಿಡುವುದು ಆಗಲೇ. ಹಾಕಿದ 2 ಪಿಪಿಎಂ ಒಂದು ದಿನದೊಳಗೆ ಇಲ್ಲವಾಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದಾಗ ಸೈಕಲ್ ಮುಗಿದಂತೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ನೈಟ್ರೇಟ್ ಇಳಿಸಬೇಕು. ಹೊಲ, ಕೊಟ್ಟಿಗೆ, ಶೌಚದ ಗುಂಡಿಗಳ ಹತ್ತಿರದ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಇರುವುದುಂಟು. ತುಂಬುವ ನೀರನ್ನೂ ಒಮ್ಮೆ ಪರೀಕ್ಷಿಸಿರಬೇಕು.

ವಿದ್ಯಾನಗರದ ತೊಟ್ಟಿಯಲ್ಲಿ ಮೀನು ಆಗಲೇ ಇದ್ದುದರಿಂದ ಈ ದಾರಿ ಇರಲಿಲ್ಲ. ಆರು ಮೀನುಗಳನ್ನು ಅಂಗಡಿಗೆ ಮರಳಿಸಿ, ಅರ್ಧ ನೀರು ಬದಲಿಸಿ, ಮೂರು ದಿನ ಆಹಾರ ನಿಲ್ಲಿಸಿದೆವು. ನೈಟ್ರೈಟ್ ಕಾಣಿಸಿಕೊಂಡಾಗ ಲೀಟರಿಗೆ ಒಂದು ಗ್ರಾಂನಂತೆ ಅಯೋಡಿನ್ ಇಲ್ಲದ ಉಪ್ಪು ಹಾಕಿದೆವು, ಏಕೆಂದರೆ ಉಪ್ಪಿನ ಕ್ಲೋರೈಡ್ ನೈಟ್ರೈಟ್ ರಕ್ತ ಸೇರುವುದನ್ನು ತಡೆಯುತ್ತದೆ. ಐದನೆಯ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ಮರುವಾರವೇ ಮನೆಯವರು ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆಯಲು ಹೊರಟಿದ್ದರು. ಬ್ಯಾಕ್ಟೀರಿಯಾಗಳು ಇರುವುದು ಅದರಲ್ಲೇ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೆಗೆಯಿರಿ ಎಂದು ಫೋನಿನಲ್ಲಿ ಹೇಳಿದೆ.